ಮಗಳ ಹಿಸ್ಟರಿ ಪ್ರಾಜೆಕ್ಟಿಗೆ 1977ರ 504 ಧರಣಿ: ಎಲ್ಲಿಂದ ಶುರು ಮಾಡಬೇಕು?

ತುಂಗಾತೀರ (ಫ್ರೀಮಾಂಟ್) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಇಲ್ಲಿ ಹನ್ನೊಂದನೇ ಗ್ರೇಡ್. ಯು.ಎಸ್. ಹಿಸ್ಟರಿ ಕ್ಲಾಸಿನಲ್ಲಿ ದೊಡ್ಡ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ನಡೆದ ಒಂದು ಸಮಾಜ ಸುಧಾರಣೆಯ ಚಳವಳಿ ಆರಿಸಿಕೊಳ್ಳಬೇಕು, ಅದರ ಬಗ್ಗೆ ಓದಿ ಬರೆಯಬೇಕು, ಆಮೇಲೆ ಕ್ಲಾಸಿನ ಮುಂದೆ ನಿಂತು ಹತ್ತು ನಿಮಿಷ ಮಾತಾಡಬೇಕು. ಪ್ರೈಮರಿ ಸೋರ್ಸ್ ಇರಲೇಬೇಕಂತೆ. ಬರೀ ವೆಬ್‌ಸೈಟಿನಿಂದ ಎತ್ತಿ ಬರೆದರೆ ಮಾರ್ಕ್ಸ್ ಇಲ್ಲ.

ಕ್ಲಾಸಿನಲ್ಲಿ ತುಂಬಾ ಜನ ಮಾರ್ಟಿನ್ ಲೂಥರ್ ಕಿಂಗ್, ಮಾಂಟ್ಗೊಮರಿ ಬಸ್ ಬಹಿಷ್ಕಾರ ಅಂತ ತಗೊಂಡಿದ್ದಾರೆ. ಇವಳಿಗೆ ಬೇರೆ ಬೇಕು. ಅವಳ ತಮ್ಮನಿಗೆ ಟೈಪ್ 1 ಡಯಾಬಿಟಿಸ್ ಇದೆ. ಸ್ಕೂಲಿನಲ್ಲಿ ಅವನಿಗೆ 504 ಪ್ಲಾನ್ ಅಂತ ಮಾಡಿಕೊಟ್ಟಿದ್ದಾರೆ. ಪರೀಕ್ಷೆಯ ಮಧ್ಯೆ ಶುಗರ್ ನೋಡಿಕೊಳ್ಳಬಹುದು, ಕಡಿಮೆಯಾದರೆ ಕೂತಲ್ಲೇ ಏನಾದರೂ ತಿನ್ನಬಹುದು, ಆ ಸಮಯವನ್ನು ಪರೀಕ್ಷೆಗೆ ಮತ್ತೆ ಸೇರಿಸಿ ಕೊಡುತ್ತಾರೆ. ವರ್ಷಾ ವರ್ಷಾ ಆ ಪೇಪರಿಗೆ ನಾನು ಸಹಿ ಹಾಕುತ್ತೇನೆ. ಮೊನ್ನೆ ಇವಳು, 'ಅಮ್ಮಾ, ಯಾಕೆ 504? ಯಾರು ಕೊಟ್ಟ ನಂಬರ್ ಅದು?' ಅಂದಳು. ಹುಡುಕುತ್ತಾ ಹೋದರೆ 1977ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸರ್ಕಾರಿ ಕಟ್ಟಡದಲ್ಲಿ ಅಂಗವಿಕಲರು ವಾರಗಟ್ಟಲೆ ಧರಣಿ ಕೂತಿದ್ದು ಸಿಕ್ಕಿತು. ನಾವು ಇಷ್ಟು ವರ್ಷದಿಂದ ಬೇ ಏರಿಯಾದಲ್ಲಿದ್ದೀವಿ, ಬಾರ್ಟ್ ರೈಲು ಹತ್ತಿದರೆ ತಲುಪುವ ಜಾಗ, ಒಬ್ಬರೂ ಹೇಳಿದ್ದು ಕೇಳಿಲ್ಲ. ಅವಳು ಇದೇ ಮಾಡ್ತೀನಿ ಅಂತ ಕೂತಿದ್ದಾಳೆ. ನನಗೂ ಇದೇ ಆಗಲಿ ಅಂತ ಆಸೆ.

ಕೇಳಬೇಕಾದ್ದು ಇಷ್ಟು. ಅಂಗವಿಕಲರ ಹಕ್ಕಿನ ಹೋರಾಟ ಅಂದರೆ ಹಲವು ದಶಕದ ಕಥೆ, ಹತ್ತು ನಿಮಿಷಕ್ಕೆ ಅದನ್ನು ಹೇಗೆ ಇಳಿಸೋದು? ಮೂಲ ದಾಖಲೆಗಳು ಮನೆಯಿಂದಲೇ ಎಲ್ಲಿ ಸಿಗುತ್ತವೆ? ನಾನು ಎಷ್ಟು ಕೈ ಹಾಕಬೇಕು? ನಾನು ಓದಿದ್ದು ಶಿವಮೊಗ್ಗದಲ್ಲಿ, ಅಲ್ಲಿ ಇತಿಹಾಸ ಅಂದರೆ ಕಾರಣಗಳು, ಪರಿಣಾಮಗಳು, ಇಸವಿಗಳು. ಇಲ್ಲಿನ ಟೀಚರ್ 'ನಿನ್ನ ವಾದ ಏನು' ಅಂತ ಕೇಳುತ್ತಾರೆ. ಕೊನೆಯದು, ತಮ್ಮನ ವಿಷಯ ಕ್ಲಾಸಿನಲ್ಲಿ ಹೇಳಬಹುದಾ? ಅವನು ಅದೇ ಊರಿನ ಮಿಡ್ಲ್ ಸ್ಕೂಲಿನಲ್ಲಿದ್ದಾನೆ.

ಮೇಷ್ಟ್ರ ಮಗಳು (ನ್ಯೂಜೆರ್ಸಿ):

ತುಂಗಾತೀರ ಅವರೇ, ನಾನು ಇಲ್ಲಿ ಹೈಸ್ಕೂಲಿನಲ್ಲಿ ಸೋಶಿಯಲ್ ಸ್ಟಡೀಸ್ ಹೇಳಿಕೊಡುತ್ತೇನೆ. ನಿಮ್ಮ ಮಗಳ ಆಯ್ಕೆ ತುಂಬಾ ಒಳ್ಳೆಯದು, ಬಿಡಬೇಡಿ. ಉದ್ದ ಬರೆಯುತ್ತೇನೆ, ಬಿಡುವಾದಾಗ ಓದಿ.

ಮೊದಲು ಹತ್ತು ನಿಮಿಷದ ವಿಷಯ. 'ಅಂಗವಿಕಲರ ಹಕ್ಕಿನ ಹೋರಾಟ' ಅಂತ ಶೀರ್ಷಿಕೆ ಹಾಕಿದರೆ ಇಸವಿಗಳ ಪಟ್ಟಿ ಓದಿ ಮುಗಿಸಬೇಕಾಗುತ್ತೆ. ಒಂದೇ ಕಟ್ಟಡ, ಒಂದೇ ತಿಂಗಳು ಹಿಡಿಯಲಿ. 1977ರ ಏಪ್ರಿಲ್, ಸ್ಯಾನ್ ಫ್ರಾನ್ಸಿಸ್ಕೋದ 50 ಯುನೈಟೆಡ್ ನೇಷನ್ಸ್ ಪ್ಲಾಜಾ, ನಾಲ್ಕನೇ ಮಹಡಿ. ಅಲ್ಲಿ ನಿಂತು ಹಿಂದಕ್ಕೂ ಮುಂದಕ್ಕೂ ನೋಡಿದರೆ ಇಡೀ ಚಳವಳಿ ಕಾಣುತ್ತೆ.

ಹಿಂದಿನದು ಹೀಗೆ. 1973ರ ಪುನರ್ವಸತಿ ಕಾಯ್ದೆಗೆ ನಿಕ್ಸನ್ ಎರಡು ಸಲ ವೀಟೊ ಹಾಕಿ, ಕೊನೆಗೆ ಸೆಪ್ಟೆಂಬರಿನಲ್ಲಿ ಸಹಿ ಮಾಡಿದರು. ಆ ಕಾಯ್ದೆಯ ಕೊನೆಯ ಕಡೆ 504ನೇ ಸೆಕ್ಷನ್ ಅಂತ ಒಂದೇ ವಾಕ್ಯ ಇತ್ತು. ಕೇಂದ್ರ ಸರ್ಕಾರದ ದುಡ್ಡು ಪಡೆಯುವ ಯಾವ ಕಾರ್ಯಕ್ರಮದಲ್ಲೂ, ಅಂಗವೈಕಲ್ಯ ಇದೆ ಅನ್ನುವ ಒಂದೇ ಕಾರಣಕ್ಕೆ ಅರ್ಹರನ್ನು ಹೊರಗಿಡುವಂತಿಲ್ಲ ಅಂತ. 1964ರ ಸಿವಿಲ್ ರೈಟ್ಸ್ ಕಾಯ್ದೆಯ ಮಾತುಗಳನ್ನೇ ಅಚ್ಚಾಗಿ ಇಟ್ಟುಕೊಂಡು ಬರೆದ ವಾಕ್ಯ ಅದು. ಸ್ಕೂಲು, ಕಾಲೇಜು, ಆಸ್ಪತ್ರೆ, ಲೈಬ್ರರಿ, ಕೇಂದ್ರದ ದುಡ್ಡು ಎಲ್ಲಿ ಹೋಗುತ್ತೋ ಅಲ್ಲೆಲ್ಲ ಅನ್ವಯ. ನಿಮ್ಮ ಮಗನ ಪೇಪರಿನ ಮೇಲಿರುವ ನಂಬರ್ ಅದೇ ಸೆಕ್ಷನ್ನಿನದು.

ಆದರೆ ಕಾನೂನು ಬಂದಿದ್ದರೂ ಅದನ್ನು ಜಾರಿ ಮಾಡುವ ನಿಯಮಗಳು ಬರಲಿಲ್ಲ. ಯಾರು ಅಂಗವಿಕಲರು, ಕಾಲೇಜು ಏನು ಮಾಡಬೇಕು, ಮಾಡದಿದ್ದರೆ ಏನಾಗುತ್ತೆ ಅಂತ ಬರೆಯಬೇಕಾಗಿದ್ದು ಆಗಿನ ಆರೋಗ್ಯ, ಶಿಕ್ಷಣ ಮತ್ತು ಕಲ್ಯಾಣ ಇಲಾಖೆ. ಅದಕ್ಕೆ ಅಲ್ಲಿ ಎಚ್‌ಇಡಬ್ಲ್ಯು ಅಂತಿದ್ದರು. ನಿಕ್ಸನ್ ಹೋದರು, ಫೋರ್ಡ್ ಬಂದರು, ಕೋರ್ಟು ಹೇಳಿತು, ಆದರೂ ಸಹಿ ಬೀಳಲಿಲ್ಲ. ಆಸ್ಪತ್ರೆಗಳು, ಯೂನಿವರ್ಸಿಟಿಗಳು ಖರ್ಚು ಜಾಸ್ತಿ ಆಗುತ್ತೆ ಅಂತ ಒತ್ತಡ ಹಾಕುತ್ತಿದ್ದವು. 1977ರಲ್ಲಿ ಕಾರ್ಟರ್ ಅಧ್ಯಕ್ಷರಾದರು, ಜೋಸೆಫ್ ಕ್ಯಾಲಿಫಾನೊ ಇಲಾಖೆಯ ಕಾರ್ಯದರ್ಶಿ, ಅಂದರೆ ನಮ್ಮ ಲೆಕ್ಕದಲ್ಲಿ ಮಂತ್ರಿ ಆದರು. ಅವರು ಕರಡನ್ನು ಮತ್ತೆ ನೋಡಬೇಕು ಅಂದರು. ಹೋರಾಟಗಾರರು ಏಪ್ರಿಲ್ 4ರ ಗಡುವು ಕೊಟ್ಟರು. ಗಡುವು ದಾಟಿತು. ಏಪ್ರಿಲ್ 5ಕ್ಕೆ ವಾಷಿಂಗ್ಟನ್, ನ್ಯೂಯಾರ್ಕ್, ಡೆನ್ವರ್ ಸೇರಿ ಹಲವು ಊರುಗಳ ಎಚ್‌ಇಡಬ್ಲ್ಯು ಕಚೇರಿಗಳಲ್ಲಿ ಧರಣಿ ಶುರುವಾಯಿತು.

ಈಗ ವಾದದ ವಿಷಯ. 'ಧರಣಿ ನಡೆಯಿತು, ಗೆದ್ದರು' ಅನ್ನೋದು ವರದಿ. ಟೀಚರ್ ಕೇಳುತ್ತಿರುವುದು ಒಂದು ಪ್ರಶ್ನೆ ಮತ್ತು ಅದಕ್ಕೆ ಆಧಾರ ಇರುವ ಉತ್ತರ. ನಾನಾಗಿದ್ದರೆ ಇದನ್ನು ಕೊಡುತ್ತಿದ್ದೆ: ವಾಷಿಂಗ್ಟನ್ನಿನ ಧರಣಿ ಒಂದು ದಿನ ಚಿಲ್ಲರೆಗೆ ಮುಗಿದುಹೋಯಿತು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದು ಮೂರು ವಾರ ದಾಟಿ ಯಾಕೆ ನಿಂತಿತು? ವಾಷಿಂಗ್ಟನ್ನಿನಲ್ಲಿ ಒಳಗೆ ಊಟ ಬಿಡಲಿಲ್ಲ, ಹಾಗಾಗಿ ಹೊರಗೆ ಬರಬೇಕಾಯಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲೂ ಟೆಲಿಫೋನ್ ಸಂಪರ್ಕ ಕಡಿದರು. ಆದರೂ ಸುಮಾರು 150 ಜನ ಕೂತರು. ಅವರಲ್ಲಿ ಉಸಿರಾಟದ ಯಂತ್ರ ಬೇಕಾದವರು, ರಾತ್ರಿ ಮಗ್ಗುಲು ಬದಲಿಸಲೂ ಇನ್ನೊಬ್ಬರ ಕೈ ಬೇಕಾದವರು, ಹೊತ್ತು ಹೊತ್ತಿಗೆ ಮಾತ್ರೆ ಬೇಕಾದವರು ಇದ್ದರು. ಶುರುವಿನಲ್ಲಿ ಹಾಸಿಗೆ ಇಲ್ಲ, ಸ್ನಾನ ಇಲ್ಲ. ಅವರನ್ನು ಹಿಡಿದು ನಿಲ್ಲಿಸಿದ್ದು ಏನು ಅಂತ ಹುಡುಕಿದರೆ ಅದೇ ಅವಳ ಪ್ರಬಂಧ.

ಉತ್ತರದ ಸುಳಿವು ಕೊಡುತ್ತೇನೆ, ಪೂರ್ತಿ ಅವಳೇ ಕಟ್ಟಲಿ. ಕಿಟ್ಟಿ ಕೋನ್ ಅಂತ ಒಬ್ಬರು, ಸ್ನಾಯು ಕ್ಷಯದ ಕಾಯಿಲೆ ಇದ್ದವರು, ಮೊದಲೇ ನಾಗರಿಕ ಹಕ್ಕುಗಳ ಮತ್ತು ಯುದ್ಧ ವಿರೋಧಿ ಚಳವಳಿಗಳಲ್ಲಿ ಸಂಘಟನೆ ಕಲಿತಿದ್ದವರು. ಊಟಕ್ಕೆ, ಔಷಧಕ್ಕೆ, ಪತ್ರಿಕೆಗಳಿಗೆ ಅಂತ ಬೇರೆ ಬೇರೆ ಸಮಿತಿ. ಚರ್ಚುಗಳು, ಕಾರ್ಮಿಕ ಸಂಘಗಳು, ಸಲಿಂಗಿಗಳ ಗುಂಪುಗಳ ಜೊತೆ ಮೊದಲೇ ಸಂಬಂಧ. ಕಪ್ಪು ಜನರ ಹಕ್ಕಿಗಾಗಿ ಉಗ್ರವಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಓಕ್‌ಲ್ಯಾಂಡಿನಿಂದ ಕೊಲ್ಲಿ ದಾಟಿ ದಿನಾ ಬಿಸಿ ಊಟ ತಂದುಕೊಟ್ಟರು. ಅವರಲ್ಲೇ ಒಬ್ಬರಾದ ಬ್ರ್ಯಾಡ್ ಲೋಮ್ಯಾಕ್ಸ್ ಒಳಗೆ ವೀಲ್‌ಚೇರಿನಲ್ಲಿ ಕೂತಿದ್ದರು, ಅವರ ಸಹಾಯಕ ಚಕ್ ಜಾಕ್ಸನ್ ಬೇರೆಯವರನ್ನೂ ನೋಡಿಕೊಳ್ಳುತ್ತಿದ್ದರು. ಮೇಯರ್ ಜಾರ್ಜ್ ಮೊಸ್ಕೋನಿ ಹಾಸಿಗೆ ಕಳಿಸಿದರು. ಫೋನ್ ಹೋದಾಗ ಕಿವುಡರು ಕಿಟಕಿಯಲ್ಲಿ ನಿಂತು ಕೈಸನ್ನೆ ಭಾಷೆಯಲ್ಲಿ ಹೊರಗಿನವರ ಜೊತೆ ಮಾತಾಡಿದರು. ಸುಮ್ನೆ ಯೋಚಿಸಿ, ಸರ್ಕಾರ ಕಡಿದ ಸಂಪರ್ಕವನ್ನು ಮತ್ತೆ ಜೋಡಿಸಿದ್ದು ಕಿವುಡರು. ಈ ಭಾಗ ಹೇಳುವಾಗ ನನ್ನ ಕ್ಲಾಸಿನಲ್ಲಿ ಮಕ್ಕಳು ಫೋನ್ ಕೆಳಗಿಡುತ್ತಾರೆ.

ಇನ್ನೊಂದು ಘಟ್ಟ ಬಿಡಲೇಬಾರದು. ಏಪ್ರಿಲ್ 15ಕ್ಕೆ ಫಿಲಿಪ್ ಬರ್ಟನ್ ಮತ್ತು ಜಾರ್ಜ್ ಮಿಲ್ಲರ್ ಅನ್ನುವ ಸಂಸದರು ಆ ಕಟ್ಟಡದೊಳಗೇ ವಿಚಾರಣೆ ನಡೆಸಿದರು. ವಾಷಿಂಗ್ಟನ್ನಿನಿಂದ ಬಂದ ಇಲಾಖೆಯ ಅಧಿಕಾರಿ, ನಿಯಮಗಳಲ್ಲಿ ಮಾಡಬೇಕೆಂದಿರುವ ಬದಲಾವಣೆಗಳನ್ನು ಹೇಳಿದರು. ಅದರಲ್ಲಿ ಅಂಗವಿಕಲ ಮಕ್ಕಳನ್ನು ಬೇರೆ ಶಾಲೆಗಳಲ್ಲಿ ಇಡುವ ದಾರಿಯೂ ಇತ್ತು. ಕಪ್ಪು ಮಕ್ಕಳಿಗೆ ಬೇರೆ ಶಾಲೆ ಸಲ್ಲದು ಅಂದ 1954ರ ಬ್ರೌನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿದ 'ಬೇರೆ, ಆದರೆ ಸಮಾನ' ಅನ್ನುವ ವಾದ ಹಿಂದಿನ ಬಾಗಿಲಿನಿಂದ ಬರುತ್ತಿದೆ ಅಂತ ಹೋರಾಟಗಾರರು ಸಿಡಿದರು. ಧರಣಿಯ ಮುಂದಾಳುಗಳಲ್ಲಿ ಒಬ್ಬರಾದ ಜೂಡಿ ಹ್ಯೂಮನ್ ಮಾತಾಡಿದ್ದು ಆಗಲೇ. ಗಂಟಲು ಕಟ್ಟಿದೆ, ಆದರೂ ನಿಲ್ಲಿಸುವುದಿಲ್ಲ. ಅಧಿಕಾರಿ ತಲೆಯಾಡಿಸುತ್ತಾ ಕೂತಿದ್ದರು. ನಾವು ಏನು ಹೇಳುತ್ತಿದ್ದೀವಿ ಅಂತ ನಿಮಗೆ ಅರ್ಥ ಆದ ಹಾಗೆ ಕಾಣುತ್ತಿಲ್ಲ, ದಯವಿಟ್ಟು ಒಪ್ಪಿದವರ ಹಾಗೆ ತಲೆಯಾಡಿಸಬೇಡಿ ಅಂತ ನೇರವಾಗಿ ಹೇಳಿದರು.

ಕ್ಯಾಲಿಫಾನೊ ಏಪ್ರಿಲ್ 28ಕ್ಕೆ ನಿಯಮಗಳಿಗೆ ಸಹಿ ಹಾಕಿದರು, ಹೋರಾಟಗಾರರು ಬೇಡ ಅಂದಿದ್ದ ಬದಲಾವಣೆಗಳು ಇಲ್ಲದೆ. ಒಳಗಿದ್ದವರು 30ಕ್ಕೆ ಹೊರಗೆ ಬಂದರು. ಇಲ್ಲಿ ಒಂದು ಎಚ್ಚರ. ಕೆಲವು ಕಡೆ 24 ದಿನ, ಕೆಲವು ಕಡೆ 25, 26, 28 ಅಂತ ಬರೆದಿರುತ್ತಾರೆ. ಯಾವ ದಿನದಿಂದ ಯಾವ ದಿನಕ್ಕೆ ಎಣಿಸಿದರು ಅನ್ನುವುದರ ಮೇಲೆ ಲೆಕ್ಕ ಬದಲಾಗುತ್ತೆ. ಅವಳು ಶುರುವಿನ ದಿನ, ಸಹಿಯ ದಿನ, ಹೊರಬಂದ ದಿನ ಮೂರನ್ನೂ ಹೇಳಿಬಿಟ್ಟರೆ ಗೊಂದಲ ಇಲ್ಲ.

ತಮ್ಮನ ವಿಷಯ ಅವನದು, ಅವಳದಲ್ಲ. ಅವನನ್ನೇ ಕೇಳಿ. ಬೇಡ ಅಂದರೆ ಅಲ್ಲಿಗೆ ಮುಗಿಯಿತು.

ಕರಾವಳಿ (ಡಲ್ಲಾಸ್):

ಮೇಷ್ಟ್ರ ಮಗಳು ಹೇಳಿದ್ದು ಓದಲು ಚೆನ್ನಾಗಿದೆ, ಆದರೆ ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಹನ್ನೊಂದನೇ ಗ್ರೇಡಿನ ಮಾರ್ಕ್ಸ್ ಕಾಲೇಜಿಗೆ ಲೆಕ್ಕಕ್ಕೆ ಬರುತ್ತೆ. ಎಲ್ಲರಿಗೂ ಗೊತ್ತಿರುವ ವಿಷಯ ತಗೊಂಡರೆ ಪುಸ್ತಕ ಸಿಗುತ್ತೆ, ವಿಡಿಯೊ ಸಿಗುತ್ತೆ, ಟೀಚರಿಗೂ ಪರಿಚಯ ಇರುತ್ತೆ. ನನ್ನ ಮಗ ಕಪ್ಪು ಜನರ ಮತದ ಹಕ್ಕಿಗಾಗಿ ನಡೆದ ಸೆಲ್ಮಾದ ಮೆರವಣಿಗೆಯ ಬಗ್ಗೆ ಮಾಡಿದ, ಸಾಮಗ್ರಿ ಬೇಕಾದಷ್ಟು ಸಿಕ್ಕಿತು. ಹೊಸದು ಮಾಡುತ್ತೇನೆ ಅಂತ ಹೋಗಿ ಸೋರ್ಸ್ ಸಿಗದೆ ಕೊನೇ ವಾರ ಒದ್ದಾಡುವುದು ಬೇಡ ಅಲ್ವಾ? ಇನ್ನೊಂದು, ಬ್ಲ್ಯಾಕ್ ಪ್ಯಾಂಥರ್ ಅಂತೆಲ್ಲ ಬಂದರೆ ಕೆಲವು ಊರುಗಳಲ್ಲಿ ಕ್ಲಾಸಿನಲ್ಲಿ ಜಗಳ ಆಗುತ್ತೆ. ನಮ್ಮ ಮಕ್ಕಳು ಯಾಕೆ ಅದರಲ್ಲಿ ಸಿಕ್ಕಿಹಾಕಿಕೊಳ್ಳಬೇಕು?

ಪುಸ್ತಕದ ಗೂಡು (ಸಿಯಾಟಲ್):

ಕರಾವಳಿ ಅವರೇ, ಸೋರ್ಸ್ ಸಿಗುವುದಿಲ್ಲ ಅನ್ನುವ ಚಿಂತೆ ಈ ವಿಷಯಕ್ಕೆ ಇಲ್ಲ. ನಾನು ಲೈಬ್ರರಿಯಲ್ಲಿ ಕೆಲಸ ಮಾಡುವವಳು, ಇದು ನನ್ನ ದಿನನಿತ್ಯದ ಕೆಲಸ. 504 ಧರಣಿಗೆ ಇರುವಷ್ಟು ಮೊದಲ ಕೈ ದಾಖಲೆ ಬೇರೆ ಎಷ್ಟೋ ಚಳವಳಿಗಳಿಗೆ ಇಲ್ಲ, ಅದೂ ಮನೆಯಲ್ಲೇ ಕೂತು ಓದುವ ಹಾಗೆ.

ಮೊದಲು ನೋಡಬೇಕಾದ್ದು ಬರ್ಕ್ಲಿ ಯೂನಿವರ್ಸಿಟಿಯ ಬ್ಯಾಂಕ್ರಾಫ್ಟ್ ಲೈಬ್ರರಿ. ಅಲ್ಲಿನವರು ಅಂಗವಿಕಲರ ಹಕ್ಕು ಮತ್ತು ಸ್ವತಂತ್ರ ಬದುಕಿನ ಚಳವಳಿಯ ಬಗ್ಗೆ ಒಂದು ದೊಡ್ಡ ಮೌಖಿಕ ಇತಿಹಾಸದ ಸಂಗ್ರಹ ಮಾಡಿದ್ದಾರೆ. ಹೋರಾಟಗಾರರ ಮುಂದೆ ಕೂತು ಗಂಟೆಗಟ್ಟಲೆ ಮಾತಾಡಿಸಿ, ಅದನ್ನು ಅಕ್ಷರಕ್ಕಿಳಿಸಿದ್ದಾರೆ. ಕಿಟ್ಟಿ ಕೋನ್, ಜೂಡಿ ಹ್ಯೂಮನ್ ಇಬ್ಬರ ಮಾತೂ ಇದೆ. ಅಂತರ್ಜಾಲದಲ್ಲಿ ಬಿಟ್ಟಿ. ಒಂದೊಂದೂ ಪುಸ್ತಕದಷ್ಟು ಉದ್ದ, ಹಾಗಾಗಿ ಎಲ್ಲ ಓದಲು ಹೋಗಬೇಡಿ. '1977', 'ಧರಣಿ', 'ಊಟ', 'ಪ್ಯಾಂಥರ್' ಅಂತ ಇಂಗ್ಲಿಷಿನಲ್ಲಿ ಒಳಗೆ ಹುಡುಕಿದರೆ ಬೇಕಾದ ಪುಟಕ್ಕೆ ಹೋಗುತ್ತೀರಿ.

ಎರಡನೆಯದು, ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ಪಾಲ್ ಲಾಂಗ್ಮೋರ್ ಅವರ ಹೆಸರಿನ ಸಂಸ್ಥೆ ಇದೆ. ಅವರು ಇದೇ ಧರಣಿಯ ಬಗ್ಗೆ ಪ್ರದರ್ಶನ ಮಾಡಿದ್ದರು. ಅದರ ಚಿತ್ರ, ಸಂದರ್ಶನ ಅಂತರ್ಜಾಲದಲ್ಲಿವೆ. ಒಳಗೆ ತೆಗೆದ ಫೋಟೊಗಳಲ್ಲಿ ಹಾಲಿನ್ ಡಿ'ಲಿಲ್ ಅವರವು ಮುಖ್ಯ. ಅವರೂ ವೀಲ್‌ಚೇರ್ ಬಳಸುವವರು, ಧರಣಿಯಲ್ಲೇ ಕೂತು ಫೋಟೊ ತೆಗೆದರು. ಹೊರಗಿನಿಂದ ಬಂದ ಪತ್ರಿಕೆಯವರ ಫೋಟೊಗೂ ಅವರದಕ್ಕೂ ಇರುವ ವ್ಯತ್ಯಾಸ ಪಕ್ಕ ಪಕ್ಕ ಇಟ್ಟು ತೋರಿಸಿದರೆ ಒಂದು ಒಳ್ಳೆಯ ಸ್ಲೈಡ್ ಆಗುತ್ತೆ.

ಪತ್ರಿಕೆಗಳಿಗೆ ನಿಮ್ಮ ಊರಿನ ಪಬ್ಲಿಕ್ ಲೈಬ್ರರಿ ಕಾರ್ಡ್ ಸಾಕು. ಬಹಳ ಲೈಬ್ರರಿಗಳು ಹಳೆಯ ಪತ್ರಿಕೆಗಳ ಡೇಟಾಬೇಸಿಗೆ ದುಡ್ಡು ಕಟ್ಟಿರುತ್ತವೆ. ಮನೆಯಿಂದ ಕಾರ್ಡ್ ನಂಬರ್ ಹಾಕಿ ಒಳಗೆ ಹೋಗಬಹುದು. ನ್ಯೂಯಾರ್ಕ್ ಟೈಮ್ಸ್ 1977ರ ಏಪ್ರಿಲ್ ತೆಗೆದು ನೋಡಲಿ. ಆಮೇಲೆ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಪತ್ರಿಕೆ ನೋಡಲಿ, ಅದರ ಹಳೆಯ ಸಂಚಿಕೆಗಳೂ ಸ್ಕ್ಯಾನ್ ಆಗಿವೆ. ಒಂದೇ ಘಟನೆ ಎರಡು ಪತ್ರಿಕೆಯಲ್ಲಿ ಯಾವ ಪುಟದಲ್ಲಿ ಬಂತು, ಯಾರ ಮಾತು ಬಂತು, ಯಾರದು ಬರಲಿಲ್ಲ, ಇದನ್ನು ಹೋಲಿಸುವುದೇ ಸಂಶೋಧನೆ. ಕಾನೂನಿನ ಮೂಲ ಪಠ್ಯ, ಕೇಂದ್ರದ ನಿಯಮಗಳು ಸರ್ಕಾರಿ ತಾಣಗಳಲ್ಲೇ ಸಿಗುತ್ತವೆ. ನ್ಯಾಷನಲ್ ಆರ್ಕೈವ್ಸ್‌ನವರು ಶಾಲೆಗಳಿಗೆ ಅಂತಲೇ ಡಾಕ್ಸ್‌ಟೀಚ್ ಅನ್ನುವ ತಾಣ ನಡೆಸುತ್ತಾರೆ.

ಒಂದು ಮಾತು ಒತ್ತಿ ಹೇಳುತ್ತೇನೆ. ನೆನಪಿನಿಂದ ಹೇಳಿದ್ದನ್ನು ಹಾಗೇ ಸತ್ಯ ಅಂತ ಇಡಬಾರದು. ಮೌಖಿಕ ಇತಿಹಾಸದ ಎಷ್ಟೋ ಸಂದರ್ಶನ ಧರಣಿ ಆಗಿ ಇಪ್ಪತ್ತು ವರ್ಷದ ಮೇಲೆ ನಡೆದಿದ್ದು. ದಿನ, ಸಂಖ್ಯೆಗಳನ್ನು ಅವತ್ತಿನ ಪತ್ರಿಕೆಯ ಜೊತೆ ತಾಳೆ ನೋಡಬೇಕು. ಒಳಗಿದ್ದವರಿಗೆ ಹೇಗೆ ಅನ್ನಿಸಿತು, ಯಾರು ಯಾರ ತಲೆ ಬಾಚಿದರು, ರಾತ್ರಿ ಏನು ಹಾಡಿದರು ಅನ್ನುವುದಕ್ಕೆ ಸಂದರ್ಶನವೇ ಬೇಕು, ಅದು ಪತ್ರಿಕೆಯಲ್ಲಿ ಬರುವುದಿಲ್ಲ. ಎಐ ಹತ್ತಿರ ಕೇಳಿ ತೆಗೆದ ಉಲ್ಲೇಖಗಳನ್ನಂತೂ ಮೂಲದಲ್ಲಿ ಕಣ್ಣಾರೆ ನೋಡದೆ ಹಾಕಲೇಬಾರದು.

ನೀವು ಫ್ರೀಮಾಂಟ್‌ನಲ್ಲಿದ್ದೀರಿ, ಒಂದು ಶನಿವಾರ ಹೊರಡಿ. 50 ಯುನೈಟೆಡ್ ನೇಷನ್ಸ್ ಪ್ಲಾಜಾ ಸಿವಿಕ್ ಸೆಂಟರ್ ಬಾರ್ಟ್ ಸ್ಟೇಷನ್ನಿನ ಹತ್ತಿರವೇ. ವಾಪಸ್ ಬರುವಾಗ ಬರ್ಕ್ಲಿಯ ಆಶ್ಬಿ ಸ್ಟೇಷನ್ನಿನಲ್ಲಿ ಇಳಿದರೆ ಎಡ್ ರಾಬರ್ಟ್ಸ್ ಕ್ಯಾಂಪಸ್ ಇದೆ, ಅಂಗವಿಕಲರ ಸಂಘಟನೆಗಳ ಕಚೇರಿಗಳಿರುವ ಕಟ್ಟಡ. ಒಳಗೆ ಕೆಂಪು ಬಣ್ಣದ ದೊಡ್ಡ ರ‍್ಯಾಂಪ್ ಸುತ್ತಿಕೊಂಡು ಮೇಲಕ್ಕೆ ಹೋಗುತ್ತೆ.

ಮೇಷ್ಟ್ರ ಮಗಳು (ನ್ಯೂಜೆರ್ಸಿ):

ಕರಾವಳಿ ಅವರೇ, ಸೆಲ್ಮಾ ಒಳ್ಳೆಯ ವಿಷಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಟೀಚರಿಗೆ ಪರಿಚಯ ಇದ್ದರೆ ಮಾರ್ಕ್ಸ್ ಜಾಸ್ತಿ ಅನ್ನೋದು ನಾನು ಕಂಡ ಮಟ್ಟಿಗೆ ನಿಜ ಅಲ್ಲ. ಒಂದೇ ಕ್ಲಾಸಿನಲ್ಲಿ ಎಂಟು ಜನ ಒಂದೇ ಭಾಷಣದ ಒಂದೇ ಸಾಲು ಓದಿದರೆ ಯಾರು ಏನು ಯೋಚಿಸಿದರು ಅಂತ ಗೊತ್ತಾಗಲ್ಲ.

ಪ್ಯಾಂಥರ್ ವಿಷಯದಲ್ಲಿ ನಾನು ಪೂರಾ ಒಪ್ಪುವುದಿಲ್ಲ. ಊಟ ತಂದವರು ಯಾರು ಅನ್ನುವುದನ್ನು ಬಿಟ್ಟರೆ ಧರಣಿ ಹೇಗೆ ನಿಂತಿತು ಅನ್ನುವ ಪ್ರಶ್ನೆಗೆ ಉತ್ತರವೇ ಇಲ್ಲ. ಆ ಪಕ್ಷದ ಬಗ್ಗೆ ಯಾರಿಗೆ ಏನೇ ಅಭಿಪ್ರಾಯ ಇರಲಿ, ಇದು ನಡೆದ ಸಂಗತಿ. ಮಕ್ಕಳಿಗೆ ಜಗಳದ ವಿಷಯ ಬೇಡ ಅಂತ ತೆಗೆಯುತ್ತಾ ಹೋದರೆ ಸುಧಾರಣೆಯ ಚಳವಳಿ ಅನ್ನುವ ಪಾಠದಲ್ಲಿ ಏನು ಉಳಿಯುತ್ತೆ? ಒಂದು ಕಾಲದಲ್ಲಿ ಅವೆಲ್ಲವೂ ಜಗಳದ ವಿಷಯವೇ ಆಗಿದ್ದವು. ಕಿಂಗ್ ಅವರದ್ದೂ ಸೇರಿ.

ದಾವಣಗೆರೆಯವನು (ಡೆನ್ವರ್):

ನಮಸ್ಕಾರ ಅಕ್ಕಾ. ನಾನು ಚಿಕ್ಕಂದಿನಲ್ಲೇ ಪೋಲಿಯೊ ಆದವನು, ವೀಲ್‌ಚೇರ್ ಬಳಸುತ್ತೇನೆ. ಇಲ್ಲಿ ಸಾಫ್ಟ್‌ವೇರ್ ಕೆಲಸ. ಸೋರ್ಸ್ ಬಗ್ಗೆ ಮೇಲಿನವರು ಹೇಳಿದ್ದಾರೆ, ನಾನು ಹೇಳುವ ರೀತಿಯ ಬಗ್ಗೆ ಬರೆಯುತ್ತೇನೆ.

ದಯವಿಟ್ಟು ಅಳಿಸುವ ಕಥೆ ಮಾಡಬೇಡಿ. ನಿಧಾನ ಸಂಗೀತ, ಪಾಪ ಅನ್ನಿಸುವ ಫೋಟೊ, 'ಇಷ್ಟೆಲ್ಲ ಕಷ್ಟ ಇದ್ದೂ ಅವರು' ಅನ್ನುವ ಧಾಟಿ ಬೇಡ. ಆ ಧರಣಿ ಕೂತವರು ಪಾಪ ಅನ್ನಿಸಿಕೊಳ್ಳುವುದನ್ನು ವಿರೋಧಿಸಿಯೇ ಕೂತಿದ್ದು. ಅವರು ಚತುರರಾಗಿದ್ದರು, ಹಟಮಾರಿಗಳಾಗಿದ್ದರು, ತಮ್ಮ ತಮ್ಮಲ್ಲೇ ವಾದ ಮಾಡುತ್ತಿದ್ದರು. ಅವರನ್ನು ರಾಜಕೀಯ ಮಾಡಿದವರ ಹಾಗೆ ತೋರಿಸಲಿ. ಜೂಡಿ ಹ್ಯೂಮನ್ ಅವರ ಕಥೆಯಲ್ಲಿ ಪೋಲಿಯೊ ಒಂದು ಸಾಲು ಸಾಕು. ಮುಖ್ಯ ಬೇರೆ ಇದೆ. ಬ್ರೂಕ್ಲಿನ್‌ನಲ್ಲಿ ಪುಟ್ಟ ಹುಡುಗಿಯಾಗಿದ್ದಾಗ, ಬೆಂಕಿ ಬಿದ್ದರೆ ಅಪಾಯ ಅಂತ ಶಾಲೆಗೆ ಸೇರಿಸಿಕೊಳ್ಳಲಿಲ್ಲ. ದೊಡ್ಡವರಾಗಿ ಟೀಚರ್ ಆಗಲು ಹೋದರೆ ಅದೇ ಕಾರಣ ಹೇಳಿ ಲೈಸೆನ್ಸ್ ಕೊಡಲಿಲ್ಲ. 1970ರಲ್ಲಿ ನ್ಯೂಯಾರ್ಕಿನ ಶಿಕ್ಷಣ ಮಂಡಳಿಯ ಮೇಲೆ ಕೇಸು ಹಾಕಿದರು, ಲೈಸೆನ್ಸ್ ತಗೊಂಡರು. ಆ ಕೇಸು ಬಂದಿದ್ದು ಕಾನ್‌ಸ್ಟನ್ಸ್ ಬೇಕರ್ ಮೋಟ್ಲಿ ಅನ್ನುವ ನ್ಯಾಯಾಧೀಶೆಯ ಮುಂದೆ. ಅವರು ಬ್ರೌನ್ ಕೇಸಿನಲ್ಲಿ ಕೆಲಸ ಮಾಡಿದ್ದ ವಕೀಲೆ. ಒಂದು ಚಳವಳಿಯ ಕೈ ಇನ್ನೊಂದಕ್ಕೆ ತಾಗಿದ್ದು ಇಂಥ ಕಡೆ ಕಾಣುತ್ತೆ.

ಮುಂದಕ್ಕೆ ನೋಡಲು ಒಂದು ಕೊಂಡಿ ನನ್ನ ಊರಿನಿಂದಲೇ ಕೊಡುತ್ತೇನೆ. ಇಲ್ಲಿ ಕೋಲ್‌ಫ್ಯಾಕ್ಸ್ ಮತ್ತು ಬ್ರಾಡ್‌ವೇ ಸೇರುವ ಕಡೆ 1978ರ ಜುಲೈ 5ರಂದು 19 ಜನ ಬಸ್ಸುಗಳ ಮುಂದೆ, ಹಿಂದೆ ವೀಲ್‌ಚೇರ್ ನಿಲ್ಲಿಸಿ ತಡೆದರು. ರಾತ್ರಿಯೆಲ್ಲ ರಸ್ತೆಯಲ್ಲೇ ಇದ್ದರು. ಬಸ್ಸಿಗೆ ಲಿಫ್ಟ್ ಬೇಕು ಅಂತ. ಅವರಲ್ಲಿ ಹೆಚ್ಚಿನವರು ಹಿಂದೆ ನರ್ಸಿಂಗ್ ಹೋಮಿನಲ್ಲಿ ಬೆಳೆದ ಚಿಕ್ಕ ವಯಸ್ಸಿನವರು. ಅಡಾಪ್ಟ್ ಅನ್ನುವ ಸಂಘಟನೆ ಬೆಳೆದಿದ್ದು ಅಲ್ಲಿಂದ. 1990ರ ಮಾರ್ಚ್ 12ರಂದು ವಾಷಿಂಗ್ಟನ್ನಿನ ಕ್ಯಾಪಿಟಲ್ ಕಟ್ಟಡದ ಮುಂದೆ ವೀಲ್‌ಚೇರ್, ಊರುಗೋಲು ಬಿಟ್ಟು ತೆವಳಿಕೊಂಡು ಮೆಟ್ಟಿಲು ಹತ್ತಿದವರು ಇವರೇ. ಅದೇ ವರ್ಷ ಜುಲೈ 26ಕ್ಕೆ ಜಾರ್ಜ್ ಎಚ್.ಡಬ್ಲ್ಯು. ಬುಷ್ ಎಡಿಎ, ಅಂದರೆ ಅಮೆರಿಕನ್ಸ್ ವಿತ್ ಡಿಸೆಬಿಲಿಟೀಸ್ ಆ್ಯಕ್ಟ್ ಅನ್ನುವ ಕಾಯ್ದೆಗೆ ಸಹಿ ಹಾಕಿದರು. 504 ಕೇಂದ್ರದ ದುಡ್ಡು ಇರುವ ಕಡೆ ಮಾತ್ರ. ಎಡಿಎ ಅಂಗಡಿ, ಹೋಟೆಲು, ಥಿಯೇಟರು, 15 ಅಥವಾ ಹೆಚ್ಚು ಕೆಲಸಗಾರರು ಇರುವ ಕಂಪನಿ, ಎಲ್ಲಕ್ಕೂ. ನಾನು ಇವತ್ತು ಬಸ್ಸಿಗೆ ಕಾದರೆ ಡ್ರೈವರ್ ಬಟನ್ ಒತ್ತುತ್ತಾನೆ, ರ‍್ಯಾಂಪ್ ಬರುತ್ತೆ, ಹತ್ತುತ್ತೇನೆ. ಯಾರಿಗೂ ಕೈ ಮುಗಿಯಬೇಕಿಲ್ಲ. ಊರಲ್ಲಿ ಕಾಲೇಜಿಗೆ ಹೋಗುವಾಗ ಮಹಡಿಯ ಲ್ಯಾಬಿಗೆ ನನ್ನನ್ನು ಗೆಳೆಯರು ಎತ್ತಿಕೊಂಡು ಹೋಗುತ್ತಿದ್ದರು. ಅವರ ಪ್ರೀತಿ ಇವತ್ತಿಗೂ ಮರೆತಿಲ್ಲ. ಆದರೆ ಅವರು ರಜೆ ಹಾಕಿದ ದಿನ ನನಗೂ ಲ್ಯಾಬ್ ಇರಲಿಲ್ಲ.

ಗೆದ್ದದ್ದನ್ನು ಮಾತ್ರ ಹೇಳಬೇಡಿ. ನಿಯಮ ಬಂದ ಎರಡೇ ವರ್ಷಕ್ಕೆ, 1979ರಲ್ಲಿ, 504ರ ಮೊದಲ ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ಕಿವಿ ಸರಿಯಾಗಿ ಕೇಳಿಸದ ಒಬ್ಬ ಮಹಿಳೆಗೆ ನಾರ್ತ್ ಕ್ಯಾರೊಲಿನಾದ ಒಂದು ಕಾಲೇಜು ನರ್ಸಿಂಗ್ ಸೀಟು ಕೊಟ್ಟಿರಲಿಲ್ಲ. ಕೋರ್ಟು ಕಾಲೇಜಿನ ಪರವಾಗಿ ಹೇಳಿತು. ಇದನ್ನು ಸೇರಿಸಿದರೆ ಅವಳ ವಾದಕ್ಕೆ ತೂಕ ಬರುತ್ತೆ.

ಭಾರತಕ್ಕೂ ಒಂದು ನಿಜವಾದ ನಂಟು ಇದೆ, ಪ್ರಶ್ನೋತ್ತರದಲ್ಲಿ ಯಾರಾದರೂ ಕೇಳಿದರೆ ಹೇಳಲಿ. ಜಾವೇದ್ ಅಬಿದಿ ಅಂತ, ವೀಲ್‌ಚೇರ್ ಬಳಸುತ್ತಿದ್ದವರು, ಓಹಾಯೊದ ರೈಟ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಪತ್ರಿಕೋದ್ಯಮ ಓದಿ ದೆಹಲಿಗೆ ವಾಪಸ್ ಹೋದರು. 1995ರ ಅಂಗವಿಕಲರ ಕಾಯ್ದೆಗಾಗಿ ಬೀದಿಗಿಳಿದವರಲ್ಲಿ ಅವರು ಮುಂದೆ ಇದ್ದರು. 2018ರಲ್ಲಿ ತೀರಿಕೊಂಡರು.

ಇನ್ನೊಂದು. ಅವಳ ಸ್ಲೈಡ್‌ಗಳನ್ನು ಎಲ್ಲರೂ ಓದಲು ಆಗುವ ಹಾಗೆ ಮಾಡಲಿ. ದೊಡ್ಡ ಅಕ್ಷರ, ವಿಡಿಯೊಗೆ ಕ್ಯಾಪ್ಷನ್, ಫೋಟೊದಲ್ಲಿ ಏನಿದೆ ಅಂತ ಬಾಯಲ್ಲಿ ಒಂದು ಸಾಲು. ಈ ವಿಷಯದ ಬಗ್ಗೆ ಮಾತಾಡುವಾಗ ಅದು ಇರಲೇಬೇಕು.

ತುಂಗಾತೀರ (ಫ್ರೀಮಾಂಟ್):

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗಳಿಗೆ ಎಲ್ಲ ಓದಿ ಹೇಳಿದೆ. ಅವಳಿಗೆ ಕನ್ನಡ ಮಾತಾಡಲು ಬರುತ್ತೆ, ಓದಲು ನಿಧಾನ.

ಮಗನನ್ನು ಕೇಳಿದೆವು. ಬೇಡ ಅಂದ. 'ನನ್ನ ಬಗ್ಗೆ ಹೇಳಬೇಡ, ಆದರೆ 504 ಪ್ಲಾನ್ ಇರುವ ಮಕ್ಕಳು ನಿನ್ನ ಕ್ಲಾಸಿನಲ್ಲೂ ಇರುತ್ತಾರೆ, ಅದು ಹೇಳು' ಅಂದ. ಹಾಗೇ ಮಾಡುತ್ತಾಳೆ. ಆಮೇಲೆ ಅವನೇ ಬಂದು, ಅಷ್ಟು ದಿನ ಧರಣಿಯಲ್ಲಿ ಇನ್ಸುಲಿನ್ ಬೇಕಾದವರು ಇದ್ದರೆ ಎಲ್ಲಿ ತಣ್ಣಗೆ ಇಡುತ್ತಿದ್ದರು ಅಂತ ಅಕ್ಕನನ್ನು ಕೇಳಿದ. ಅವಳು ಹುಡುಕಿದಳು. ಔಷಧ ಇಡಲು ಏರ್ ಕಂಡಿಷನರಿಗೆ ಡಬ್ಬಿ ಅಂಟಿಸಿ ಫ್ರಿಜ್ ಮಾಡಿಕೊಂಡಿದ್ದರಂತೆ. ಅದು ಸಂದರ್ಶನದಲ್ಲಿ ಸಿಕ್ಕಿತು. ಈಗ ಅವಳು ಪೂರ್ತಿ ಔಷಧ, ಊಟ, ನಿದ್ದೆ ಇವುಗಳ ಮೇಲೇ ಪ್ರಬಂಧ ಕಟ್ಟುತ್ತೇನೆ ಅನ್ನುತ್ತಿದ್ದಾಳೆ. ಪ್ರಶ್ನೆ ಮೇಷ್ಟ್ರ ಮಗಳು ಅವರು ಕೊಟ್ಟಿದ್ದೇ, ವಾಷಿಂಗ್ಟನ್ ಯಾಕೆ ನಿಲ್ಲಲಿಲ್ಲ, ಇಲ್ಲಿ ಯಾಕೆ ನಿಂತಿತು ಅಂತ.

ಕರಾವಳಿ ಅವರು ಹೇಳಿದ ಮಾರ್ಕ್ಸಿನ ಚಿಂತೆ ನನಗೂ ಇತ್ತು, ಹಾಗಾಗಿ ಅವಳು ಟೀಚರನ್ನೇ ಕೇಳಿ ಬಂದಳು. ವಿಷಯ ಒಪ್ಪಿದ್ದಾರೆ.

ಈಗ ಒಂದೇ ಪ್ರಶ್ನೆ ಉಳಿದಿದೆ. ಮಾತು ಮುಗಿದ ಮೇಲೆ ಕ್ಲಾಸಿನವರು ಪ್ರಶ್ನೆ ಕೇಳುತ್ತಾರೆ. ಯಾರಾದರೂ 'ಇದಕ್ಕೆಲ್ಲ ಖರ್ಚು ಯಾರು ಕೊಡಬೇಕು' ಅಂತ ಕೇಳಿದರೆ ಏನು ಹೇಳಬೇಕು ಅಂತ ಅವಳಿಗೆ ಅಳುಕು.

ಮೇಷ್ಟ್ರ ಮಗಳು (ನ್ಯೂಜೆರ್ಸಿ):

ಅದು ಒಳ್ಳೆಯ ಪ್ರಶ್ನೆ, ಕೇಳಿದವರನ್ನು ಕೆಟ್ಟವರು ಅಂದುಕೊಳ್ಳುವುದು ಬೇಡ. 1977ರಲ್ಲೂ ಅದೇ ಕೇಳಿದ್ದರು. ಅವಳು ಅವತ್ತಿನ ವಾದವನ್ನೇ ಮುಂದಿಡಲಿ. ಇಲಾಖೆಯ ಮುಂದೆ ಯೂನಿವರ್ಸಿಟಿಗಳು ಏನು ಹೇಳಿದವು, ಹೋರಾಟಗಾರರು ಏನು ಉತ್ತರ ಕೊಟ್ಟರು. ನಿಯಮಗಳನ್ನು ತೆರೆದು ಓದಿದರೆ ಅವಳಿಗೇ ಕಾಣುತ್ತೆ, ಹಳೆಯ ಕಟ್ಟಡದ ಪ್ರತಿ ಮೂಲೆಯನ್ನೂ ಒಡೆದು ಕಟ್ಟಿ ಅಂತ ಅಲ್ಲಿಲ್ಲ. ಕಾರ್ಯಕ್ರಮ ಒಟ್ಟಾರೆ ತಲುಪುವ ಹಾಗಿರಬೇಕು ಅಂತಿದೆ. ಮಹಡಿಯ ಮೇಲಿನ ಕ್ಲಾಸನ್ನು ಕೆಳಗಿನ ಕೋಣೆಗೆ ತಂದರೂ ನಡೆಯುತ್ತೆ. ಹೊಸದಾಗಿ ಕಟ್ಟುವ ಕಟ್ಟಡಕ್ಕೆ, ಮಾರ್ಪಾಡು ಮಾಡುವ ಭಾಗಕ್ಕೆ ಬಿಗಿಯಾದ ನಿಯಮ. ಬಹಳ ಜನಕ್ಕೆ ಇದು ಗೊತ್ತಿಲ್ಲ.

ಆಮೇಲೆ 1975ರ ಶಿಕ್ಷಣ ಕಾಯ್ದೆಯ ಪೀಠಿಕೆ ಓದಿಕೊಂಡಿರಲಿ. ಅಮೆರಿಕದಲ್ಲಿ ಹತ್ತು ಲಕ್ಷ ಅಂಗವಿಕಲ ಮಕ್ಕಳು ಸರ್ಕಾರಿ ಶಾಲೆಗಳಿಂದ ಪೂರ್ತಿ ಹೊರಗೇ ಇದ್ದಾರೆ ಅಂತ ಕಾಂಗ್ರೆಸ್ ಅದರಲ್ಲಿ ತಾನೇ ಬರೆದಿದೆ. ಖರ್ಚಿನ ಮಾತು ಬಂದಾಗ ಆ ಸಾಲನ್ನು ತೆರೆಯ ಮೇಲೆ ಹಾಕಿ, ಅದರ ಕೆಳಗೆ ಕಾನೂನಿನ ಹೆಸರು, ಇಸವಿ ಬರೆದು, ಹೊರಗೆ ಇಟ್ಟಿದ್ದರ ಖರ್ಚು ಯಾರು ಕೊಟ್ಟರು ಅಂತ ತಿರುಗಿ ಕೇಳಲಿ.

ನೀವು ಎಷ್ಟು ಕೈ ಹಾಕಬೇಕು ಅಂತ ಮೊದಲು ಕೇಳಿದ್ದಿರಿ, ನಾನು ಉತ್ತರ ಕೊಟ್ಟಿರಲಿಲ್ಲ. ಬರೆಯುವುದು, ಸ್ಲೈಡ್ ಮಾಡುವುದು ಅವಳದು. ನೀವು ಮನೆಯಲ್ಲಿ ಕ್ಲಾಸಿನವರ ಹಾಗೆ ಎದುರು ಕೂತು ಕೇಳಿ, ಅರ್ಥ ಆಗದ ಕಡೆ ನಿಲ್ಲಿಸಿ 'ಇದು ನಿನಗೆ ಹೇಗೆ ಗೊತ್ತು' ಅಂತ ಕೇಳಿ. ಅವಳು ಯಾವ ದಾಖಲೆಯ ಯಾವ ಪುಟ ಅಂತ ಹೇಳುವ ತನಕ ಬಿಡಬೇಡಿ.